ಅಜ್ಜಿಯ ಸೀಟು ಕಾಯ್ದ ಮಗು

ಮಾನ್ಯ ಬಸ್ ಘಟಕ ವ್ಯವಸ್ಥಾಪಕರೇ,

ನನಗೆ ಒಂದೇ ಕನಸು ಪದೇ ಪದೇ ಬೀಳುತ್ತದೆ. ಬಸ್ಸಿನ ತುಂಬ ಮಕ್ಕಳು. ಒಂದೊಂದು ಮಗುವೂ ಪಕ್ಕದ ಖಾಲಿ ಸೀಟಿನ ಮೇಲೆ ಅಂಗೈ ಊರಿಕೊಂಡು ಕೂತಿರುತ್ತದೆ. ದೊಡ್ಡವರು ಒಬ್ಬರೂ ಇಲ್ಲ. ಬಸ್ಸು ಹೋಗುತ್ತಲೇ ಇರುತ್ತದೆ, ಯಾವ ಮಗುವೂ ಬಾಯಿ ಬಿಡುವುದಿಲ್ಲ. ಬೆಚ್ಚಿ ಎದ್ದು ಪಕ್ಕದಲ್ಲಿ ಮಲಗಿರುವ ಮಗಳನ್ನು ಮುಟ್ಟಿ ನೋಡುತ್ತೇನೆ. ಬರೀ ಕನಸಾಗಿದ್ದರೆ ಒಂದು ತಾಯಿತ ಕಟ್ಟಿಸಿ ಸುಮ್ಮನಾಗುತ್ತಿದ್ದೆ, ನಿಮಗೆ ಬರೆಯುತ್ತಿರಲಿಲ್ಲ. ನಿಮ್ಮ ಬಸ್ಸು ನನ್ನ ನಾಲ್ಕು ವರ್ಷದ ಚಂದನಳನ್ನು ಒಬ್ಬಳನ್ನೇ ಹಲಗೂರಿಗೆ ಹೊತ್ತುಕೊಂಡು ಹೋಯಿತು. ಅದಾದ ಮೇಲೆ ನೀವು ನಿಲ್ದಾಣದಲ್ಲಿ ಒಂದು ಬೋರ್ಡು ಹಾಕಿಸಿದಿರಿ: 'ಮಕ್ಕಳನ್ನು ಶಿಸ್ತಿನಲ್ಲಿಡುವುದು ಪೋಷಕರ ಹೊಣೆ.' ನನ್ನ ತಕರಾರು ಆ ಬೋರ್ಡಿನ ಮೇಲೆ.

ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಅವತ್ತು ನಾನು ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಮಿಷನ್ ಮುಂದೆ ಕೂತಿದ್ದೆ. ನಮ್ಮತ್ತೆ ಮಾಯಮ್ಮ ಮಗುವನ್ನು ಕರೆದುಕೊಂಡು ಮದ್ದೂರಿನ ನಮ್ಮ ನಾದಿನಿ ಮನೆಗೆ ಹೊರಟಿದ್ದರು. ನಿಮ್ಮ ನಿಲ್ದಾಣದಲ್ಲಿ ಮದ್ದೂರು ಬೋರ್ಡಿನ ಬಸ್ಸು ನಿಂತಿತ್ತು. ಬಾಗಿಲಲ್ಲಿ ಜನ ಹೇಗೆ ಮುತ್ತಿರುತ್ತಾರೆ ಅಂತ ತಾವು ಜೀಪಿನಲ್ಲಿ ಹೋಗುವಾಗ ಕಂಡಿರಬಹುದು. ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾಯಿತು, ಬಸ್ಸು ಮಾತ್ರ ಮೊದಲು ಎಷ್ಟಿದ್ದವೋ ಅಷ್ಟೇ, ಹಾಗಾಗಿ ಈಗ ಸೀಟೂ ಇಲ್ಲ. ಮಂಡಿ ನೋವಿನ ಮುದುಕಿ ಏನು ಮಾಡಬೇಕು ಸ್ವಾಮಿ? ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದರು. ಟವಲ್ಲು ಹಾಕಿದರೆ ಎತ್ತಿ ಬಿಸಾಕುತ್ತಾರೆ, ಮಗುವನ್ನು ಬಿಸಾಕುವುದಿಲ್ಲ. ಕಿಟಕಿಯಿಂದ ಚಂದನಳನ್ನು ಒಳಕ್ಕೆ ಇಳಿಸಿ, "ಪಕ್ಕದ್ ಸೀಟ್ ಮ್ಯಾಲೆ ಕೈ ಮಡಿಕ್ಕೊಂಡು ಕೂತ್ಕೊ ಕಣವ್ವ, ನಾನ್ ಬರೋಗಂಟ ಎದ್ದೇಳ್ಬ್ಯಾಡ" ಅಂದು ಬಾಗಿಲ ಕಡೆಗೆ ಬಂದರು.

ಅವರು ಬಾಗಿಲು ಮುಟ್ಟುವುದರೊಳಗೆ ನಿಮ್ಮ ಡ್ರೈವರ್ ಬೋರ್ಡು ಬದಲಾಯಿಸಿ ಹಲಗೂರು ಮಾಡಿದ. ಮದ್ದೂರಿನವರೆಲ್ಲ ಬೈದುಕೊಂಡು ಕೆಳಗೆ ಧುಮುಕಿದರು, ಹಲಗೂರಿನವರು ನುಗ್ಗಿದರು. ಈ ನೂಕಾಟದಲ್ಲಿ ನಮ್ಮತ್ತೆ ಕೆಳಗೆ ಬಿದ್ದರು. ಎದ್ದು ಸೀರೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು. ಬಸ್ಸು ಬದಲಾಗಿದೆ ಅಂತ ಮೈಕಿನಲ್ಲಿ ಒಂದು ಮಾತಿಲ್ಲ. ಮೈಕಿಗೆ ಪುರುಸೊತ್ತೆಲ್ಲಿ, ಅದು ಚಿನ್ನದಂಗಡಿಯ ಜಾಹೀರಾತು ಹೇಳುತ್ತಿತ್ತು.

ನಮ್ಮತ್ತೆ ವಿಚಾರಣೆಯ ಕಿಟಕಿಗೆ ಹೋಗಿ, ಕಂಡಕ್ಟರಿಗೊಂದು ಫೋನ್ ಮಾಡಿ ಅಂತ ಕೈ ಮುಗಿದರೆ ಒಳಗಿದ್ದವರು, "ಮಕ್ಳನ್ನ ಹದ್ದುಬಸ್ತಲ್ಲಿ ಇಟ್ಕೊಳಕ್ಕಾಗ್ದಿದ್ರೆ ಯಾಕಮ್ಮ ಕರ್ಕೊಂಡ್ ಬತ್ತೀರಾ" ಅಂದರಂತೆ. ಫೋನ್ ಮಾಡಲು ಮೇಲಿನವರ ಅಪ್ಪಣೆ ಬೇಕಂತೆ. ಮೇಲಿನವರು ಊಟಕ್ಕೆ ಹೋಗಿದ್ದರಂತೆ. ಮೇಲಿನವರು ಅಂದರೆ ತಾವೇ ತಾನೆ? ಊಟ ಚೆನ್ನಾಗಿತ್ತೇ?

ಈಗ ಶಿಸ್ತಿನ ವಿಷಯಕ್ಕೆ ಬರುತ್ತೇನೆ. ನಾನು ಹುಟ್ಟಾ ಪುಕ್ಕಲಿ. ಗ್ಯಾಸು ಆರಿಸಿದೆನೋ ಇಲ್ಲವೋ ಅಂತ ಬೀದಿ ಕೊನೆಯಿಂದ ವಾಪಸು ಬಂದು ನೋಡುವವಳು. ಮಗಳು ಮಾತು ಕಲಿತಾಗಿನಿಂದ ಹೇಳಿಕೊಟ್ಟಿದ್ದೇನೆ: ಹೊರಗೆ ಹೋದಾಗ ಹಟ ಮಾಡಿ ಅಳಬಾರದು, ಕೂರಿಸಿದ ಜಾಗ ಬಿಟ್ಟು ಏಳಬಾರದು, ಗುರುತಿಲ್ಲದವರ ಹತ್ತಿರ ಮಾತಾಡಬಾರದು. ಆ ಮಗು ಹಲಗೂರಿನ ತನಕ ಅಷ್ಟನ್ನೂ ಪಾಲಿಸಿತು. ಕಂಡಕ್ಟರ್ ಪಕ್ಕದಲ್ಲೇ ಓಡಾಡಿದರು. ಅವಳಿಗೆ ಟಿಕೆಟ್ ಕೊಡುವ ವಯಸ್ಸಲ್ಲ, ಹಾಗಾಗಿ ನಿಮ್ಮ ಟಿಕೆಟ್ ಮಿಷನ್ನಿನ ಪಾಲಿಗೆ ಅವಳು ಬಸ್ಸಿನಲ್ಲೇ ಇಲ್ಲ. ಸೀಟಿನ ಮೇಲೆ ಹತ್ತಿ ಕುಣಿದಿದ್ದರೆ ಯಾರಾದರೂ ಗದರುತ್ತಿದ್ದರು. ಗದರುವ ನೆಪದಲ್ಲಾದರೂ ಇದು ಯಾರ ಮಗು ಅಂತ ಕೇಳುತ್ತಿದ್ದರು. ತೆಪ್ಪಗೆ ಕೂತ ಮಗು ಯಾರ ಕಣ್ಣಿಗೆ ಬೀಳುತ್ತದೆ?

ಹಲಗೂರಿನಲ್ಲಿ ಎಲ್ಲರೂ ಇಳಿದರು, ಅವಳು ಇಳಿಯಲಿಲ್ಲ. ಸೊಪ್ಪು ಮಾರಿ ಊರಿಗೆ ಹೊರಟಿದ್ದ ಚಿಕ್ಕಬೋರಮ್ಮ ಅನ್ನುವವರು ವಾಪಸು ಹೊರಡುವ ಅದೇ ಬಸ್ಸು ಹತ್ತಿ ಅವಳ ಪಕ್ಕ ಕೂರಲು ಹೋದರಂತೆ. ಇವಳು ಕೈ ತೆಗೆಯಲಿಲ್ಲ.

"ಇದು ನಮ್ಮಜ್ಜಿ ಸೀಟು."

"ಎಲ್ಲವ್ವ ನಿಮ್ಮಜ್ಜಿ?"

"ಬಾಗ್ಲತ್ರ ಅವ್ಳೆ. ಈಗ ಬತ್ತಾಳೆ."

ಆ ತಾಯಿ ಬಾಗಿಲ ಕಡೆ ನೋಡಿದರು, ಯಾರೂ ಇರಲಿಲ್ಲ. ಕಂಡಕ್ಟರಿಗೆ ಮುಖದ ನೀರಿಳಿಯುವ ಹಾಗೆ ಬೈದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಕರೆದರೆ ಬರಲಿಲ್ಲವಂತೆ. ಕೊನೆಗೆ ಚಿಕ್ಕಬೋರಮ್ಮನವರು ನಿಮ್ಮ ನಿಲ್ದಾಣದ ತನಕ ಆ ಖಾಲಿ ಸೀಟಿನ ಪಕ್ಕ ನಿಂತುಕೊಂಡೇ ಬಂದರು. ತಮ್ಮ ಇಲಾಖೆಯ ಸಂಬಳ ಪಡೆಯುವವರು ಮಾಡಬೇಕಾದ ಕೆಲಸವನ್ನು ಸೊಪ್ಪಿನ ಕುಕ್ಕೆ ಹೊತ್ತವರು ಮಾಡಿದರು, ಅವರಿಗೆ ಒಂದು ಬೋರ್ಡು ಯಾಕೆ ಹಾಕಿಸಲಿಲ್ಲ?

ಮಗು ಸಿಕ್ಕಿತಲ್ಲ, ಇನ್ನೇನು ಅನ್ನುತ್ತೀರಿ. ಅಂಗನವಾಡಿಯಲ್ಲಿ ಈಗಲೂ ಪಕ್ಕದ ಚಾಪೆಯ ಮೇಲೆ ಕೈಯಿಟ್ಟುಕೊಂಡೇ ಕೂರುತ್ತಾಳೆ. ಮನೆಯಲ್ಲಿ ಉಂಡಾದ ಮೇಲೆ "ಅಮ್ಮ, ಏಳ್ಬೋದಾ?" ಅಂತ ಕೇಳುತ್ತಾಳೆ. ನಾನು ಮರೆತರೆ ಎಂಜಲು ಕೈ ಒಣಗುವ ತನಕ ಕೂತೇ ಇರುತ್ತಾಳೆ. ನಿಮ್ಮ ಮಗಳದ್ದು ಬಲು ಶಿಸ್ತು ಅಂತ ಟೀಚರ್ ಮಂಜುಶ್ರೀ ಹೊಗಳುತ್ತಾರೆ. ನಮ್ಮತ್ತೆಯಂತೂ ಮೊಮ್ಮಗಳ ಕೈ ಹಿಡಿದು ಬೀದಿಗಿಳಿಯುವ ಧೈರ್ಯವನ್ನೇ ಬಿಟ್ಟರು.

ಆ ಬೋರ್ಡು ತೆಗೆಸಿ. ಬಸ್ಸಿನ ಊರು ಬದಲಾದರೆ ಜಾಹೀರಾತು ನಿಲ್ಲಿಸಿ ಮೈಕಿನಲ್ಲಿ ಹೇಳಿಸಿ. ಹೊರಡುವ ಮುಂಚೆ ಕಂಡಕ್ಟರ್ ಹಿಂದಕ್ಕೆ ತಿರುಗಿ, ಒಂಟಿ ಮಗು ಐತಾ ಅಂತ ಒಂದು ಸಲ ಕೇಳಲಿ. ಇದಕ್ಕೆ ಯಾವ ಮೇಲಿನವರ ಅಪ್ಪಣೆ ಬೇಕು?

ಇನ್ನೊಂದು. ನನ್ನ ದೂರಿಗೆ ತಮ್ಮ ಕಚೇರಿಯಿಂದ ಬಂದ ಉತ್ತರವನ್ನು ಕೂಡಿಸಿಕೂಡಿಸಿ ಓದಿದೆ. 'ಸದರಿ ಮಗುವು ಪ್ರಯಾಣದುದ್ದಕ್ಕೂ ಅತ್ತು ರಂಪ ಮಾಡಿ ಸಿಬ್ಬಂದಿಯ ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತದೆ' ಅಂತಿದೆ. ಅಷ್ಟು ದೂರ ಅಳುತ್ತಾ ಬಂದ ಮಗುವನ್ನು ನೋಡಿಯೂ ನಿಮ್ಮವರು ಬಸ್ಸು ನಿಲ್ಲಿಸಲಿಲ್ಲವೇ? ನಮ್ಮನ್ನು ಬೇಜವಾಬ್ದಾರಿಗಳು ಅಂತ ಬರೆದಿದ್ದೀರಿ, ಅದು ಹಾಗೇ ಇರಲಿ. ನಾನು ಕಲಿಸಿದ್ದನ್ನು ಮೀರಿ ಅವಳು ಒಂದು ಸಲವಾದರೂ ಅತ್ತಳೋ ಇಲ್ಲವೋ, ಅದೊಂದನ್ನು ಮಾತ್ರ ಇನ್ನೊಂದು ಸಲ ವಿಚಾರಿಸಿ ನೋಡಿ.

ಇಂತಿ,
ಈಗ ಸೀಟು ಸಿಕ್ಕರೂ ನಿಂತೇ ಓಡಾಡುವ,
ಚಂದನಳ ತಾಯಿ ಕವಿತ