ಅರ್ಧ ಇಂಚು

ಜೂನ್ 3, ಮಂಗಳವಾರ

ಎರಡು ಪ್ಯಾಂಟ್ ಆಲ್ಟರೇಶನ್ ಮುಗಿಸಿ, ನಾಲ್ಕಕ್ಕೆ ಮಗಳು ಗುಬ್ಬಿಯನ್ನು ಮಕ್ಕಳ ಕೌನ್ಸೆಲಿಂಗ್ ಸೆಂಟರಿಗೆ ಕರೆದೊಯ್ದೆ. ಇವತ್ತೂ ಅದೇ ನಾಯಿ. ಮನಸ್ಸು ನೊಂದ ಮಕ್ಕಳಿಗೆಂದೇ ಪಳಗಿಸಿದ್ದಂತೆ. ಕಂದು ಮೈ, ನೀಲಿ ಜಾಕೆಟ್, ಏನು ಗತ್ತು! ‘ದೊರೆ’ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲೇ.

ಗಾಜಿನ ಬಾಗಿಲಿಂದ ಕಂಡೆ. ಮಗಳು ಅದರ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದಳು. ಮಾತು! ಐದು ತಿಂಗಳಿಂದ ನನ್ನ ಹತ್ತಿರ ಒಂದಕ್ಷರ ಇಲ್ಲ...

"ಏನ್ ಹೇಳಿದ್ಲು ಮೇಡಂ?" ಎಂದೆ, ನಾಯಿ ನೋಡಿಕೊಳ್ಳುವವರಿಗೆ.

"ಅದನ್ನ ನಾವು ಕೇಳಲ್ಲಮ್ಮ. ಅದು ಅವಳಿಗೂ ನಾಯಿಗೂ ಬಿಟ್ಟಿದ್ದು."

ಹೊಟ್ಟೆ ಉರಿಯಿತು. ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನೊಬ್ಬಳೇ ಇರಬೇಕು.

ಜೂನ್ 10

ತಲೆ ಬಾಚುತ್ತಾ ಕೇಳಿದೆ — "ಆ ನಾಯಿ ಹತ್ರ ಏನ್ ಮಾತಾಡ್ತೀಯ? ನಂಗೂ ಹೇಳೇ." ತಲೆ ಅಲ್ಲಾಡಿಸಿದಳು, ಅಷ್ಟೇ. ಹೆತ್ತವಳು ನಾನು, ಗುಟ್ಟೆಲ್ಲ ಅದಕ್ಕೆ.

ಐದು ತಿಂಗಳ ಹಿಂದೆ, ಅವಳಪ್ಪ ಬ್ಯಾಗ್ ಹಿಡಿದು ಮನೆ ಬಿಟ್ಟ ದಿನ ಕಿರುಚಿ ಅಳುತ್ತಿದ್ದಳು. "ಬಾಯ್ಮುಚ್ಚು" ಎಂದಿದ್ದೆ. ಮುಚ್ಚಿದಳು. ಇದನ್ನು ಯಾರಿಗೂ ಹೇಳಿಲ್ಲ. ಸೆಂಟರಿನ ಫಾರಂನಲ್ಲೂ ಬರೆದಿಲ್ಲ.

ಜೂನ್ 17

ದೊರೆಯ ಜಾಕೆಟ್ ಹೊಲಿಗೆ ಬಿಟ್ಟಿದೆ. ಮೇಡಂ ನನ್ನ ಕೈಗೇ ಕೊಟ್ಟರು. "ನೀವು ಟೈಲರ್ ಅಲ್ವಾ, ಸ್ವಲ್ಪ ಹೊಲ್ದು ಕೊಡಿ. ಇದು ಹಾಕಿದ್ರೇನೇ ಅದಕ್ಕೆ ಡ್ಯೂಟಿ ಅಂತ ಗೊತ್ತಾಗೋದು."

ಹೂಂ ಎಂದೆ.

ಜೂನ್ 18, ಮಧ್ಯಾಹ್ನ

ಹೊಲಿದೆ. ಎರಡೂ ಪಕ್ಕ ಅರ್ಧರ್ಧ ಇಂಚು ಒಳಗೆ ಹಿಡಿದೆ. ಕೈತಪ್ಪಿ ಅಲ್ಲ. ಬಿಗಿಯಾದರೆ ಕೆರೆದುಕೊಳ್ಳುತ್ತದೆ, ಒಂದು ಕಡೆ ಕೂರುವುದಿಲ್ಲ, ಕೆಲಸಕ್ಕೆ ಬಾರದು ಎಂದು ಕಳಿಸಿಬಿಡುತ್ತಾರೆ. ಹದಿನಾಲ್ಕು ವರ್ಷದ ಕಸುಬಿನಲ್ಲಿ ಬೇಕೆಂದೇ ಅಳತೆ ಕೆಡಿಸಿದ್ದು ಇದೇ ಮೊದಲು. ನೀಟಾಗಿ ಬಂದಿದೆ — ಥೂ.

ಜೂನ್ 24

ದೊರೆಗೆ ಜಾಕೆಟ್ಟಿನ ಬಕಲ್ ಹಾಕಲು ಮೇಡಂ ಹೆಣಗಿದರು. "ದಪ್ಪ ಆಗಿದ್ದೀಯಲ್ಲೋ!" ಎಂದು ಅದನ್ನೇ ಬೈದರು.

ಕೆರೆದುಕೊಳ್ಳಲಿಲ್ಲ. ಗುಬ್ಬಿಯ ತೊಡೆ ಮೇಲೆ ತಲೆಯಿಟ್ಟು ಅಲುಗಾಡದೆ ಮಲಗಿತ್ತು. ಉಸಿರು ಮಾತ್ರ ಚಿಕ್ಕದು. ಡ್ಯೂಟಿ ಅಲ್ಲವೇ.

ಹತ್ತು ನಿಮಿಷವೂ ಆಗಿರಲಿಲ್ಲ. ಗುಬ್ಬಿ ಬಾಗಿಲು ತಳ್ಳಿ ಓಡಿ ಬಂದು ನನ್ನ ತೋಳು ಜಗ್ಗಿದಳು.

"ಅಮ್ಮಾ, ಅದಕ್ಕೆ ಬಿಗಿ ಆಗ್ತಿದೆ. ಪಾಪ, ಹೇಳೋಕೆ ಬರಲ್ಲ. ಬಿಚ್ಚಮ್ಮ!"

ಐದು ತಿಂಗಳ ಮೇಲೆ ಅಮ್ಮಾ ಎಂದಳು. ಅದೂ ದೊರೆಗೋಸ್ಕರ. ಮೇಡಂ ಕಣ್ಣೊರೆಸಿಕೊಂಡರು. ನಾನು ಬಕಲ್ ಬಿಚ್ಚಿದೆ. ಪಕ್ಕೆಯ ಕೂದಲಲ್ಲಿ ನನ್ನ ಹೊಲಿಗೆಯ ಗೆರೆ ಮೂಡಿತ್ತು. ದೊರೆ ನನ್ನ ಕೈ ನೆಕ್ಕಿತು. ಅದನ್ನೂ ಸಹಿಸಲಾಗಲಿಲ್ಲ. ಸರಿಮಾಡಿ ಕೊಡುತ್ತೇನೆ ಎಂದು ಜಾಕೆಟ್ ತಂದಿದ್ದೇನೆ.

ಜೂನ್ 25, ಸಂಜೆ

ಹೊಲಿಗೆ ಬಿಚ್ಚಲು ಕೂತೆ. ಗುಬ್ಬಿ ಸ್ಟೂಲ್ ಎಳೆದುಕೊಂಡು ಮೆಷಿನ್ ಪಕ್ಕ ಬಂದಳು. ನಿನ್ನೆಯಿಂದ ಮತ್ತೆ ಮಾತಿಲ್ಲ. ಹಳೆಯ ಹೊಲಿಗೆಯ ತೂತು ನೋಡಿದಳು, ಹೊಸದನ್ನೂ ನೋಡಿದಳು. ಟೇಪ್ ತೆಗೆದು ಅಳೆದಳು. ಟೈಲರ್ ಮಗಳಲ್ಲವೇ.

"ಯಾಕಮ್ಮ ಬಿಗಿಯಾಗಿ ಹೊಲ್ದೆ?"

ಗೊತ್ತಾಗಲಿಲ್ಲ ಕಣೇ ಎನ್ನಬಹುದಿತ್ತು. ಬಾಯಿತುದಿಗೆ ಬಂದಿತ್ತು. "ಒಂದ್ನಿಮಿಷ ಇರು" ಎಂದು ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಧೈರ್ಯ ಬರಲಿ ಎಂದು. ಹೇಳುತ್ತೇನೆ. ಮೊದಲು ಜಾಕೆಟ್ಟಿನದ್ದು. ಆಮೇಲೆ ಅವತ್ತಿನ ಆ ‘ಬಾಯ್ಮುಚ್ಚು’...

"ಅಮ್ಮಾ! ಬಂದ್ಯಾ?"

ಕೂಗುತ್ತಿದ್ದಾಳೆ. ಮನೆಯೆಲ್ಲ ಕೇಳುವ ಹಾಗೆ. "ಅಮ್ಮಾ!"

ಬಂದೆ, ಬಂ—