ಹೊಳೆಗೆ ಬಾಸ್ ಬಂದ ವರ್ಷ

ಮೊಂಟಾನಾ
ಜೂನ್ ೨೩

ಪ್ರೀತಿಯ ತಮ್ಮ ಲೋವೆಲ್‌ಗೆ,

ಅಲಾಸ್ಕಾದ ಚಳಿ, ಮೀನುದೋಣಿಯ ದುಡಿತ ಎರಡನ್ನೂ ತಾಳಿಕೊಂಡು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಕಲ್ಲುನೊಣ ಎದ್ದು, ಅದನ್ನು ತಿನ್ನಲು ಟ್ರೌಟ್ ಮೀನು ಮೇಲೆ ಬರುವ ಕಾಲದಲ್ಲಿ, ಗಾಳ ಹಾಕುವವರನ್ನು ದೋಣಿಯಲ್ಲಿ ಕರೆದೊಯ್ಯುವ ನಿನ್ನ ಅಕ್ಕನಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿರುವುದಿಲ್ಲ.

ಈ ಸಲ ನೊಣಗಳಿಗೇನೂ ಬರವಿಲ್ಲ. ಹೊಳೆಯ ಕಲ್ಲುಗಳಡಿಯಿಂದ ಹತ್ತಿಬಂದು ದಡದ ಪೊದೆ ತುಂಬ ಕೂತಿವೆ, ನನ್ನ ಕಾಲರಿನೊಳಗೂ ಹರಿದಾಡುತ್ತವೆ. ಇಲ್ಲದ್ದು ಟ್ರೌಟ್! ಚಳಿಗಾಲವಿಡೀ ಕೂತು, ಕೊಕ್ಕೆಗೆ ಕಿತ್ತಳೆ ದಾರ, ಎಲ್ಕ್ ಜಿಂಕೆಯ ಕೂದಲು ಸುತ್ತಿ ನಾನು ಕಟ್ಟಿದ ಹುಸಿನೊಣಗಳನ್ನೆಲ್ಲ, ಈ ಹೊಳೆಯದ್ದೇ ಅಲ್ಲದ, ಟ್ರೌಟ್ ಮರಿಗಳನ್ನು ತಿನ್ನುವ ಬಾಸ್ ಮೀನುಗಳು ಜಗಿದು ಹಾಳುಮಾಡುತ್ತಿವೆ.

ಮೊನ್ನೆ ಷಿಕಾಗೋದ ದಂತವೈದ್ಯರೊಬ್ಬರನ್ನು ದೋಣಿಯಲ್ಲಿ ಕರೆದೊಯ್ದೆ. ದೊಡ್ಡ ಬಂಡೆಯ ಮಡುವಿನಲ್ಲಿ ಅವರ ಕೈಯಿಂದ ಹುಸಿನೊಣ ತೇಲಿಬಿಡಿಸಿದೆ. ನೀರು ಸಿಡಿಯಿತು, ಗಾಳದ ಕೋಲು ಬಾಗಿತು. ಮೇಲೆ ಬಂದದ್ದು ಬಾಸ್! ಆಮೇಲೆ ಇನ್ನೊಂದು, ಮತ್ತೊಂದು.

"ಇದು ನಮ್ಮೂರ ಕೆರೇಲೇ ಸಿಗುತ್ತಲ್ಲಮ್ಮಾ, ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಎಂದರು. ಹುಟ್ಟನ್ನು ನೀರಿಗೆಸೆಯುವಷ್ಟು ಸಿಟ್ಟು ಬಂತು.

ಸಂಜೆ ಗಾಳದ ಅಂಗಡಿಯಲ್ಲಿ ಮುದುಕ ಆರ್ವಿಡ್ ಎಲ್ಲರೆದುರು ಶುರುಮಾಡಿದ: "ಬಾಸೇನು ರೆಕ್ಕೆ ಕಟ್ಕೊಂಡು ಬಂತಾ ಮೇವಿಸ್? ಯಾರೋ ಜಲಾಶಯದಿಂದ ತಂದು ಬಿಟ್ಟಿದಾರೆ. ಯಾರು ಅಂತ, ಅಲ್ಲಿಗೆ ಹೋಗಿ ಬರ್ತಿದ್ದ ನಿನ್ನ ತಮ್ಮನ್ನೇ ಕೇಳು."

"ನಾಲಿಗೆ ಬಿಗಿಹಿಡಿದು ಮಾತಾಡು ಮುದುಕಪ್ಪ! ಅವನು ಈ ಹೊಳೇಲೇ ಬೆಳೆದೋನು."

"ಹಂಗಾದ್ರೆ ಆಣೆ ಮಾಡು, ನೋಡೋಣ."

ಮಾಡಿದೆ. ಸತ್ತ ಅಮ್ಮನ ಮೇಲೆ ಆಣೆ ಮಾಡಿದೆ. ಆರ್ವಿಡ್ ಟೋಪಿ ತೆಗೆದು ಕ್ಷಮೆ ಕೇಳಿದ. ನೀನು ನೋಡಬೇಕಿತ್ತು!

ಸರಿಯಾಗಿ ಊಟ ಮಾಡು. ದೇವರು ನಿನ್ನ ಬಲೆ ತುಂಬಿಸಲಿ, ನಿನ್ನನ್ನು ಕ್ಷೇಮವಾಗಿ ದಡ ಸೇರಿಸಲಿ.

ನಿನ್ನ ಅಕ್ಕ,
ಮೇವಿಸ್

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿನ್ನ ಹೆಂಡತಿ ಜೋಲೀನ್ ಬಂದಿದ್ದಳು. ಆರ್ವಿಡ್ ಬಾಯಿ ಮುಚ್ಚಿಸಿದ್ದನ್ನು ಜಂಬದಿಂದ ಹೇಳಿದೆ. ಅವಳು ಅಳತೊಡಗಿದಳು. "ಬಿಟ್ಟಿದ್ದು ಅವರೇ ಅತ್ತಿಗೆ. ಬಿಸಿಲಿಗೆ ನೀರು ಕಾದ್ರೆ ಟ್ರೌಟ್ ಕಚ್ಚಲ್ಲ, ಬಾಸ್ ಇದ್ರೆ ಅಕ್ಕನ ದೋಣಿ ಖಾಲಿ ನಿಲ್ಲಲ್ಲ ಅಂದ್ರು. ನಿಮಗೋಸ್ಕರ ಬಿಟ್ಟಿದ್ದು," ಎಂದಳು.

ನನ್ನನ್ನೊಂದು ಮಾತು ಕೇಳಲಿಲ್ಲವಲ್ಲೋ! ಈಗ ನಿನ್ನನ್ನು ಹೇಗೆ ಬೈಯಲಿ? ಬೈಯದೆ ಹೇಗಿರಲಿ? ಆರ್ವಿಡ್ ಮನೆಗೆ ಹೋಗಿ ನಿಜ ಹೇಳಬೇಕೆಂದು ಬೂಟು ಹಾಕಿಕೊಂಡು ಕೂತಿದ್ದೇನೆ. ಕಾಲೇ ಏಳುತ್ತಿಲ್ಲ.