ಮೂವತ್ತೆಂಟು ಲಕೋಟೆಗಳ ಬುಟ್ಟಿ

ವೈಪುನಾ ಕೊಲ್ಲಿ
ನವೆಂಬರ್ 3

ಮುದ್ದಿನ ಸೋದರಸೊಸೆ ಮೆರೆಯಾನಾಗೆ ಪಾನಾಪಾ ಮಾವನ ಆಶೀರ್ವಾದ.

ಈ ಕರಾವಳಿಯಲ್ಲಿ ಸೂರ್ಯ ನನ್ನ ಅಪ್ಪಣೆ ಕೇಳಿಯೇ ಹುಟ್ಟುವುದು ನಿನಗೆ ಗೊತ್ತೇ ಇದೆ. ಅಂಥವನು ಮೂರು ವಾರದಿಂದ ನಿನ್ನ ಕಾಗದಕ್ಕೆ ಉತ್ತರ ಬರೆದಿಲ್ಲವೆಂದರೆ ಕಾರಣ ಸಣ್ಣದಿರಲಾರದು. ಕ್ಷಮಿಸು. ಜಿಲ್ಲಾ ಕೌನ್ಸಿಲ್ ಚುನಾವಣೆಯಲ್ಲಿ ಸೋತೆ. ಬರೀ ಹನ್ನೊಂದು ಮತದಿಂದ. ಗೆದ್ದವನು ಗುಡ್ಡದ ಮೇಲೆ ಕುರಿ ಸಾಕುವ ಬ್ಯಾಗ್‌ಷಾ, ನಮ್ಮ ಊರಿನ ಹೆಸರನ್ನು ಇವತ್ತಿಗೂ ನೆಟ್ಟಗೆ ಹೇಳಲು ಬಾರದವನು.

ನೀನು ಚಿಕ್ಕವಳಿದ್ದಾಗ ಶಾಲೆಯ ಹಾಲ್‌ನಲ್ಲಿ ಮತ ಹಾಕುತ್ತಿದ್ದೆವು, ನೆನಪಿದೆಯಾ? ನಾನು ಬಾಗಿಲಲ್ಲೇ ನಿಂತು ಎಲ್ಲರ ಕೈ ಕುಲುಕುತ್ತಿದ್ದೆ. ಯಾರು ಯಾರ ಕಡೆ ಎಂದು ಮುಖದಲ್ಲೇ ಕಾಣುತ್ತಿತ್ತು. ಈಗ ಚೀಟಿ ಅಂಚೆಯಲ್ಲಿ ಮನೆಗೇ ಬರುತ್ತದೆ. ಗುರುತು ಹಾಕಿ, ಲಕೋಟೆ ಅಂಟಿಸಿ, ಸಭಾಮನೆಯ ಜಗುಲಿಯಲ್ಲಿ ತೂಗುಹಾಕಿದ ನಾರಿನ ಬುಟ್ಟಿಗೆ ಹಾಕಿದರೆ ಮುಗಿಯಿತು. ಪೇಟೆಗೆ ಹೋಗುವವರು ಊರಿನವರೆಲ್ಲರ ಟಪಾಲನ್ನೂ ಒಯ್ಯುವುದು ನಮ್ಮ ಪದ್ಧತಿ ತಾನೇ? ಈ ಸಲ ಒಯ್ದವನು ತಿಪೆನೆ. ನನ್ನ ಚಿಕ್ಕಪ್ಪನ ಮಗ, ನನ್ನ ಜೊತೆಯಲ್ಲೇ ಈಜು ಕಲಿತವನು.

ಫಲಿತಾಂಶ ಬಂದ ನಾಲ್ಕನೇ ದಿನ ನನ್ನ ಗುದ್ದಲಿ ಹುಡುಕಿಕೊಂಡು ಅವನ ಗಾಡಿಗೆ ಕೈ ಹಾಕಿದೆ. ತಾಡಪಾಲಿನ ಕೆಳಗೆ ಅದೇ ಬುಟ್ಟಿ. ಮೂವತ್ತೆಂಟು ಲಕೋಟೆ. ಅದರಲ್ಲಿ ನನ್ನದೂ ಒಂದು. ನನ್ನ ಮತ ನನಗೇ ಬೀಳಲಿಲ್ಲ, ನೋಡು.

"ಇದೇನೋ ಇದು?" ಅಂದೆ.

"ಬುಟ್ಟಿ."

"ನಂಗೂ ಕಣ್ಣಿದೆ. ಪೇಟೆಗೆ ಹೋಗಿ ಏನ್ ಮಾಡ್ದೆ?"

"ಡೀಸೆಲ್ ಹಾಕಿಸ್ದೆ. ಒಂದು ಮಾಂಸದ ಪೈ ತಿಂದೆ."

"ಬ್ಯಾಗ್‌ಷಾ ಎಷ್ಟು ಕುರಿ ಕೊಟ್ಟ ನಿಂಗೆ?"

"ಅರವತ್ತು ವರ್ಷದಿಂದ ನೀನು ಹೇಳಿದ್ದೆಲ್ಲ ಕೇಳ್ಕೊಂಡ್ ಬಂದಿದೀನಿ, ಪಾನಾ. ಇದೊಂದು ನನ್ನ ಕೇಳ್ಬೇಡ."

ಕೇಳಲಿಲ್ಲ. ಕುರಿಮಾಂಸಕ್ಕೆ ತನ್ನನ್ನು ಮಾರಿಕೊಂಡ ಎಂದು ಕರಾವಳಿಗೆಲ್ಲ ಸಾರಿದೆ. ಚರ್ಚಿನಲ್ಲಿ ಅವನ ಸಾಲಿನಲ್ಲಿ ಕೂರುವುದಿಲ್ಲ. ದೋಣಿ ಇಬ್ಬರಿಗೂ ಸೇರಿದ್ದು, ಹಾಗಾಗಿ ಹುಟ್ಟುಗಳನ್ನು ತಂದು ನನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ಶತ್ರು ಸೋಲಿಸಿದ್ದರೆ ತಿಂದ ಅನ್ನ ಅರಗುತ್ತಿತ್ತು, ಮಗಳೇ.

ನಿನ್ನ ಮಕ್ಕಳು ನೂರು ವರ್ಷ ಬಾಳಲಿ. ವೆಲಿಂಗ್ಟನ್ನಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಮಾವ,
ಪಾನಾಪಾ

ಮರೆತ ಮಾತು: ಇವತ್ತು ಬೆಳಗ್ಗೆ ಎಂದಿನಂತೆ ತಿಪೆನೆಯನ್ನು ಬೈಯುತ್ತಾ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ನಿನ್ನ ಕಾಹು ಅತ್ತೆ ಚಹಾದ ಲೋಟ ಕೆಳಗಿಟ್ಟಳು.

"ಸಾಕು ಮಾಡು. ಅವತ್ತು ಅವನಿಗೆ ಫೋನ್ ಮಾಡಿದ್ದು ನಾನು. ನನ್ನದೊಂದು ಹಾಕ್ಬೇಡ, ತೆಗೆದಿಡು ಅಂದೆ. ಲಕೋಟೆ ಎಲ್ಲಾ ಒಂದೇ ಥರ, ಹೊರಗಡೆ ಹೆಸರಿಲ್ಲ. ಯಾವುದು ನಂದು ಅಂತ ತಿಳೀದೆ ಪೂರ್ತಿ ಬುಟ್ಟೀನೇ ಇಟ್ಕೊಂಡ."

"ನಿಂದು ಯಾಕೆ ತೆಗೀಬೇಕಿತ್ತು?"

"ಬ್ಯಾಗ್‌ಷಾಗೆ ಹಾಕಿದ್ದೆ."

ನಾನು ಅದೇ ಬ್ರೆಡ್ಡಿಗೆ ಮತ್ತೊಮ್ಮೆ ಬೆಣ್ಣೆ ಹಚ್ಚಿದೆ. ಅವಳೇ ಹೇಳಿದಳು: "ನಮ್ಮನೆ ನೀರಿನ ತೊಟ್ಟಿ ಸೋರ್ತಾ ಹನ್ನೆರಡು ವರ್ಷ ಆಯ್ತು. ನಾಳೆ ಮಾಡ್ತೀನಿ ಅಂತೀಯ. ಇಡೀ ಜಿಲ್ಲೆ ನೀರು ನಿನ್ನ ಕೈಗೆ ಹೆಂಗೆ ಕೊಡ್ಲಿ? ಹಾಲ್‌ನಲ್ಲಾಗಿದ್ರೆ ಬಾಗಿಲಲ್ಲಿ ನಿನ್ನ ಮುಖ ನೋಡಿ ನಿಂಗೇ ಹಾಕ್ತಿದ್ದೆ. ಅಡುಗೆಮನೇಲಿ ನಾನೊಬ್ಳೇ ಇದ್ದೆ. ಬುಟ್ಟಿ ಹೋದ್ಮೇಲೆ ಮನಸ್ಸು ತಡೀಲಿಲ್ಲ."

ತಿಪೆನೆ ಇಷ್ಟು ದಿನ ನನ್ನಿಂದ ಬೈಸಿಕೊಂಡೂ ಬಾಯಿ ಬಿಡದಿದ್ದದ್ದು ಇದಕ್ಕೆ. ಹುಟ್ಟುಗಳು ಇನ್ನೂ ಮಂಚದ ಕೆಳಗೇ ಇವೆ. ಏನೆಂದು ಹೇಳಿ ವಾಪಸ್ ಕೊಡಲಿ?

ಹನ್ನೊಂದು ಅಂದೆನಲ್ಲ, ಅದೂ ಸುಳ್ಳು. ಬುಟ್ಟಿಯಲ್ಲಿದ್ದದ್ದೆಲ್ಲ ನನಗೇ ಬಿದ್ದಿದ್ದರೂ ಗೆಲ್ಲುತ್ತಿರಲಿಲ್ಲ. ನಾನು ಸೋತದ್ದು ಇನ್ನೂರ ಹನ್ನೊಂದು ಮತದಿಂದ.